ಕುವೈತ್‌ನ ಪೆಟ್ರೋಲ್, ಕಾರಿನ ಮೈಲೇಜು

1973ರ ಅಕ್ಟೋಬರ್‌ನಲ್ಲಿ ಅರಬ್-ಇಸ್ರೇಲ್ ಯುದ್ಧ ನಡೆಯುತ್ತಿದ್ದಾಗ ತೈಲ ಮಂತ್ರಿಗಳು ಕುವೈತ್ ನಗರದಲ್ಲಿ ಸಭೆ ಸೇರಿದರು. 16ರಂದು ಕೊಲ್ಲಿಯ ಆರು ದೇಶಗಳು ಕಚ್ಚಾ ತೈಲದ ಬೆಲೆಯನ್ನು ಶೇ. 70ರಷ್ಟು ಏರಿಸಿದವು. ಮರುದಿನ ಅರಬ್ ದೇಶಗಳು ಉತ್ಪಾದನೆಯನ್ನು ತಿಂಗಳಿಗೆ ಶೇ. 5ರಂತೆ ತಗ್ಗಿಸುವುದಾಗಿ ಸಾರಿದವು. 1974ರ ಜನವರಿಗೆ ಪೀಪಾಯಿಯ ಬೆಲೆ 11.65 ಡಾಲರ್ ಮುಟ್ಟಿತು. ಕಾರಿನ ಎಂಜಿನ್ನನ್ನು ಈ ಎರಡು ದಿನಗಳಷ್ಟು ಬದಲಾಯಿಸಿದ ಸಂಶೋಧನೆಗಳು ಕಡಿಮೆ.

ಅಮೆರಿಕ 1975ರಲ್ಲಿ ಕಾನೂನು ತಂದು, ಹೊಸ ಕಾರುಗಳ ಸರಾಸರಿ ಮೈಲೇಜು ಇಷ್ಟಿರಲೇಬೇಕೆಂದು ಕಂಪನಿಗಳನ್ನು ಕಟ್ಟಿಹಾಕಿತು. ಸವೆಯುವ ಪಾಯಿಂಟ್‌ಗಳ ಜಾಗಕ್ಕೆ ಎಲೆಕ್ಟ್ರಾನಿಕ್ ಇಗ್ನಿಷನ್, ಮುಂದೆ ಕಾರ್ಬುರೇಟರ್ ಜಾಗಕ್ಕೆ ಫ್ಯೂಯೆಲ್ ಇಂಜೆಕ್ಷನ್ ಬಂದವು. ಕರ್ನಾಟಕದಲ್ಲಿ ಇಂಧನದ ಖರ್ಚು ಇಳಿಸುವ ಕೆಲಸ ಗ್ಯಾರೇಜುಗಳ ಪಾಲಿಗೆ ಬಿತ್ತು: ಅಂಬಾಸಿಡರ್‌ನ ಪೆಟ್ರೋಲ್ ಎಂಜಿನ್ ಇಳಿಸಿ ಮೆಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಲಾಯಿತು. ಟ್ಯಾಕ್ಸಿ ಮಾಲೀಕರಿಗೆ ಹಣ ಉಳಿಯಿತು, ನಿಜ. ಆದರೆ ಎಂಜಿನ್ನಿನ ಹೆಚ್ಚಿನ ಭಾರ, ನಡುಕಗಳಿಗೆ ಮೌಂಟಿಂಗ್ ಮತ್ತು ಮುಂದಿನ ಸಸ್ಪೆನ್ಷನ್ ಗಟ್ಟಿಮಾಡದ ಕಡೆ ಉಳಿಸಿದ್ದು ರಿಪೇರಿಗೆ ಹೋಯಿತು.

ಕುವೈತ್‌ಗೆ ಮಾತ್ರ ಈ ತಲೆನೋವು ಇರಲಿಲ್ಲ. ಸರ್ಕಾರದ ಸಬ್ಸಿಡಿಯಿಂದ ಪೆಟ್ರೋಲ್ ಅಗ್ಗ. ದೊಡ್ಡ ಎಂಜಿನ್ನಿನ ಕಾರು ಸಾಕುವುದು ಕಷ್ಟವಾಗಲಿಲ್ಲ. ಗ್ಯಾರೇಜುಗಳಿಂದ ತುಂಬಿದ ಶುವೈಖ್‌ನಲ್ಲಿ ಎಂಜಿನ್ ಬದಲಾವಣೆ ಎಂದರೆ ಹೆಚ್ಚಾಗಿ ಇನ್ನಷ್ಟು ವೇಗ, ಇನ್ನಷ್ಟು ಶಕ್ತಿ.

ಕುವೈತ್‌ನ ಹವೆಯೂ ಇಂಧನ ಉಳಿತಾಯದ ಪ್ರಯೋಗಗಳಿಗೆ ಹೊಂದುವಂಥದ್ದಲ್ಲ. 2016ರ ಜುಲೈ 21ರಂದು ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಬೇರೆಡೆ ಮೈಲೇಜಿಗಾಗಿ ಕಾರ್ಬುರೇಟರ್‌ನ ಜೆಟ್ ಚಿಕ್ಕದು ಮಾಡಿ ಪೆಟ್ರೋಲ್ ಇಳಿಸಿ ಗಾಳಿ ಹೆಚ್ಚಿಸುವುದುಂಟು, ಇಗ್ನಿಷನ್ ಟೈಮಿಂಗನ್ನು ತುಸು ಮುಂದಕ್ಕೆ ತಳ್ಳುವುದುಂಟು. ಇಂಥ ಬಿಸಿಯಲ್ಲಿ ಅದೇ ಕೆಲಸ ಅತಿಯಾದರೆ ಎಂಜಿನ್ ಟಕಟಕ ಎಂದು ನಾಕಿಂಗ್ ಮಾಡತೊಡಗುತ್ತದೆ. ಅದನ್ನು ಕೇಳಿಯೂ ಬಿಟ್ಟರೆ ಎಕ್ಸಾಸ್ಟ್ ವಾಲ್ವ್ ಸುಡಬಹುದು, ಪಿಸ್ಟನ್ ತೂತಾಗಬಹುದು. ದೂಳು ಬಿದ್ದ ಮೇಲೆ ಏರ್ ಫಿಲ್ಟರ್ ಬದಲಿಸುವುದು, ಕೂಲಂಟ್ ಮತ್ತು ರೇಡಿಯೇಟರ್ ಸರಿಯಾಗಿಡುವುದು, ತಯಾರಕರು ಹೇಳಿದ ಗ್ರೇಡಿನ ಆಯಿಲ್ ಹಾಕುವುದು, ಟೈರಿನ ಗಾಳಿ ನೋಡುವುದು: ಅಪಾಯವಿಲ್ಲದ ದಾರಿ ಇಷ್ಟೇ, ಮೆಚ್ಚುಗೆ ತರುವಂಥದ್ದಲ್ಲ. ಫಿಲ್ಟರನ್ನೇ ತೆಗೆದುಹಾಕಿ ಗಾಳಿ ಸಲೀಸಾಗಿ ಹೋಗಲೆಂದು ಬಿಡುವವರ ಸಿಲಿಂಡರನ್ನು ಮರಳೇ ಉಜ್ಜಿ ಸವೆಸುತ್ತದೆ.

ತೈಲದ ಬೆಲೆ ಕುಸಿದು ಬೊಕ್ಕಸಕ್ಕೆ ಬಿಸಿ ತಟ್ಟಿದಾಗ, 2016ರ ಸೆಪ್ಟೆಂಬರ್ 1ರಿಂದ ಕುವೈತ್ ಪೆಟ್ರೋಲ್ ದರ ಏರಿಸಿತು. ಲೀಟರಿಗೆ 91 ಆಕ್ಟೇನ್‌ನ ‘ಪ್ರೀಮಿಯಂ’ 60ರಿಂದ 85 ಫಿಲ್ಸ್‌ಗೆ (ಕುವೈತ್ ದಿನಾರಿನ ಚಿಲ್ಲರೆ), 95ರ ‘ಸೂಪರ್’ 65ರಿಂದ 105 ಫಿಲ್ಸ್‌ಗೆ ಹೋಯಿತು. ಮೊದಲು ಐದೇ ಫಿಲ್ಸ್ ಇದ್ದ ಅಂತರ ಇಪ್ಪತ್ತಕ್ಕೆ ಹಿಗ್ಗಿತು. ಐದು ಫಿಲ್ಸಿನ ಕಾಲದಲ್ಲಿ ಯಾವುದು ತುಂಬಿಸಿದರೂ ಜೇಬಿಗೆ ಹೆಚ್ಚು ವ್ಯತ್ಯಾಸವಿರಲಿಲ್ಲ. ಈಗ ಕಾರಿನ ಕೈಪಿಡಿ ತೆರೆಯಬೇಕಾಯಿತು. 91ಕ್ಕೆಂದೇ ರೂಪಿಸಿದ ಸಾಮಾನ್ಯ ಎಂಜಿನ್ನಿಗೆ 95 ಹಾಕಿದರೆ ಹೇಳಿಕೊಳ್ಳುವಂಥ ಮೈಲೇಜು ಹೆಚ್ಚುವುದಿಲ್ಲ. 95 ಬೇಕೆನ್ನುವ ಹೆಚ್ಚಿನ ಕಂಪ್ರೆಷನ್ನಿನ ಎಂಜಿನ್ನಿಗೆ 91 ಕುಡಿಸಿದರೆ ನಾಕ್ ಸೆನ್ಸರ್‌ನ ಸೂಚನೆಯಂತೆ ಎಂಜಿನ್ನಿನ ಕಂಪ್ಯೂಟರ್ ಟೈಮಿಂಗನ್ನು ಹಿಂದಕ್ಕೆಳೆಯುತ್ತದೆ. ಮೈಲೇಜು ಇಳಿದು, ಬಂಕಿನಲ್ಲಿ ಉಳಿದ ಫಿಲ್ಸ್ ರಸ್ತೆಯಲ್ಲಿ ಕರಗತೊಡಗುತ್ತದೆ.