ಅಚ್ಚೇ ಗೋಡೆಯಾದ ಕಥೆ

ಕೆನಡಾದ ದಕ್ಷಿಣ ಒಂಟಾರಿಯೊದಲ್ಲಿ ಮನೆಯ ಪಾಯ ಸಾಮಾನ್ಯವಾಗಿ ನಾಲ್ಕು ಅಡಿಯಾದರೂ ಕೆಳಗಿಳಿಯಬೇಕು. ಚಳಿಗಾಲದಲ್ಲಿ ಹೆಪ್ಪುಗಟ್ಟುವ ಮಣ್ಣು ಕೆಳಗಿನ ತೇವವನ್ನು ಹೀರಿಕೊಂಡು ಪದರ ಪದರವಾಗಿ ಮಂಜುಗಡ್ಡೆ ಕಟ್ಟುತ್ತದೆ. ಆ ಪದರಗಳು ಉಬ್ಬಿದರೆ ಮೇಲಿನ ಮನೆಯನ್ನೇ ಎತ್ತಿ ಬಿರುಕು ಬಿಡಿಸುತ್ತವೆ. ಧಾರವಾಡದಲ್ಲಿ ಸಿವಿಲ್ ಓದುವಾಗ ನಮಗಿದು ಪರೀಕ್ಷೆಗೆ ಬಾರದ ಪುಟ; ಇಲ್ಲಿ ಪ್ರತಿ ಸೈಟಿನಲ್ಲೂ ಮೊದಲು ಏಳುವ ಮಾತೇ ಅದು. ಹೇಗೂ ನಾಲ್ಕಡಿ ಅಗೆಯಬೇಕು, ಇನ್ನಷ್ಟು ಅಗೆದರೆ ಒಂದು ಅಂತಸ್ತೇ ಸಿಗುತ್ತದಲ್ಲ ಎಂಬ ಲೆಕ್ಕದಿಂದ ಇಲ್ಲಿ ಮನೆಮನೆಗೂ ನೆಲಮಾಳಿಗೆ ಬಂತು. ಹಾಗಾಗಿ ಪಾಯದ ಗೋಡೆ ಇಲ್ಲಿ ಜನ ಮಲಗಿ ಏಳುವ ಕೋಣೆಯ ಗೋಡೆಯೂ ಹೌದು.

ಹತ್ತೊಂಬತ್ತನೇ ಶತಮಾನದಲ್ಲಿ ಅದನ್ನು ಕಲ್ಲು, ಸುಣ್ಣದ ಗಾರೆಯಲ್ಲಿ ಕಟ್ಟಿದರು. ಸುಣ್ಣಕಲ್ಲಿನ ಊರೆಂದೇ ಹೆಸರಾದ ಕಿಂಗ್‌ಸ್ಟನ್‌ನ ಹಳೇ ಮನೆಗಳಡಿ ಇಳಿದರೆ ಆ ದಪ್ಪ ಗೋಡೆಗಳು ಈಗಲೂ ಕಾಣುತ್ತವೆ. ಮುಟ್ಟಿದರೆ ಕೈಗೆ ತಂಪು, ತೇವ. 1900ರಲ್ಲಿ ಅಮೆರಿಕದ ಹಾರ್ಮನ್ ಪಾಮರ್ ಟೊಳ್ಳು ಕಾಂಕ್ರೀಟ್ ಇಟ್ಟಿಗೆಯ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಕಲ್ಲು ಹಿಂದೆ ಸರಿಯಿತು. ಆಮೇಲೆ ಬಂದದ್ದು ಮರದ ಹಲಗೆ ಕಟ್ಟಿ, ನಡುವೆ ಕಾಂಕ್ರೀಟ್ ಸುರಿಯುವ ಪದ್ಧತಿ.

ನನ್ನ ಮನಸ್ಸು ಹೆಚ್ಚು ತಂಗುವುದು ಈ ಹಲಗೆಯ ಕಾಲದಲ್ಲಿ. ಎರಡನೇ ಮಹಾಯುದ್ಧದ ನಂತರದ ಟೊರೊಂಟೊದಲ್ಲಿ ಸೆಂಟ್ರಿಂಗ್ ಕೆಲಸದ ಭಾರವನ್ನು ಬಹುಪಾಲು ಹೊತ್ತವರು ಇಟಲಿಯಿಂದಲೂ ಪೋರ್ಚುಗಲ್‌ನಿಂದಲೂ ವಲಸೆ ಬಂದವರು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹಿರಿಯ ಇಟಾಲಿಯನ್ ಮೇಸ್ತ್ರಿ ತನ್ನ ಪ್ರಾಯದ ದಿನಗಳನ್ನು ಹೇಳುತ್ತಿದ್ದ: ಹಲಗೆಗೆ ಎಣ್ಣೆ ಬಳಿ, ನಿಲ್ಲಿಸು, ಮಟ್ಟ ನೋಡು, ಸುರಿ, ಬಿಚ್ಚು, ಅಂಟಿದ ಕಾಂಕ್ರೀಟ್ ಕೆರೆ, ಮೊಳೆ ಕೀಳು, ಲಾರಿಗೆ ಹೇರು, ಮುಂದಿನ ಸೈಟಿನಲ್ಲಿ ಮತ್ತೆ ಮೊದಲಿಂದ. ಗೋಡೆಯೊಂದು ಉಳಿಯಲಿ ಎಂದು ಇನ್ನೊಂದು ಗೋಡೆಯನ್ನು ಕಟ್ಟಿ ಕೆಡವುವ ದುಡಿಮೆ ಅದು. ಕಾಂಕ್ರೀಟಿನ ಚರಿತ್ರೆ ಬರೆದವರು ಸಿಮೆಂಟಿನ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಆ ಬೆನ್ನುಗಳ ಬಗ್ಗೆ ಬರೆದದ್ದು ತೀರ ಕಡಿಮೆ.

ಬಿಚ್ಚುವ ಕಷ್ಟ ಮೊದಲೇ ಗೊತ್ತಿತ್ತು. ಥಾಮಸ್ ಎಡಿಸನ್ ಬೀಡುಕಬ್ಬಿಣದ ಅಚ್ಚುಗಳಲ್ಲಿ ಇಡೀ ಮನೆಯನ್ನೇ ಎರಕ ಹೊಯ್ಯಲು ಹೊರಟ. ನ್ಯೂಜೆರ್ಸಿಯಲ್ಲಿ ಅಂಥ ಕೆಲವು ಮನೆಗಳೆದ್ದವು, ಆದರೆ ಅಚ್ಚಿನ ತೂಕ, ಬೆಲೆ, ಜೋಡಣೆಯ ತೊಡಕಿನಿಂದ ಯೋಜನೆ ಬೆಳೆಯಲಿಲ್ಲ. ಯುರೋಪಿನಲ್ಲಿ ಮರದ ಚೂರನ್ನು ಸಿಮೆಂಟಿನಲ್ಲಿ ಕಲಸಿ ಮಾಡಿದ ಟೊಳ್ಳು ಇಟ್ಟಿಗೆಗಳು ಬಂದವು. ಅವನ್ನು ಪೇರಿಸಿ ಒಳಗೆ ಕಾಂಕ್ರೀಟ್ ತುಂಬಿದರೆ ಸಾಕು, ಬಿಚ್ಚುವ ಮಾತೇ ಇಲ್ಲ. 1950ರ ದಶಕದಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ನಾವು ಥರ್ಮಾಕೋಲ್ ಎನ್ನುವ ಬಿಳಿ ನೊರೆಹಲಗೆಯ ಸರಕನ್ನು ಮಾರುಕಟ್ಟೆಗೆ ತಂದಿತು. ಇವೆರಡನ್ನೂ ಕೂಡಿಸಿದ್ದು ಕೆನಡಾದ ಕಾಂಟ್ರಾಕ್ಟರ್ ವರ್ನರ್ ಗ್ರೆಗೋರಿ. 1966ರಲ್ಲಿ ಅವರು ಪೇಟೆಂಟಿಗೆ ಅರ್ಜಿ ಹಾಕಿದ ಅಚ್ಚು 48 ಅಂಗುಲ ಉದ್ದ, 16 ಅಂಗುಲ ಎತ್ತರ. ಒಂದರ ನಾಲಿಗೆ ಇನ್ನೊಂದರ ತೋಡಿನಲ್ಲಿ ಕೂರುತ್ತಿತ್ತು, ಎರಡು ಬದಿಗಳನ್ನು ಲೋಹದ ಪಟ್ಟಿ ಹಿಡಿದಿಡುತ್ತಿತ್ತು. ಬಿಚ್ಚಿ ಒಯ್ಯುತ್ತಿದ್ದ ಅಚ್ಚು ಗೋಡೆಯ ಚಳಿಗವಸಾಗಿ ಅಲ್ಲೇ ಉಳಿಯಿತು.

ಇಷ್ಟು ಒಳ್ಳೆಯ ಉಪಾಯ ಕೂಡಲೇ ಹಬ್ಬಲಿಲ್ಲ. ಇಂಧನ ಅಗ್ಗವಿದ್ದಾಗ ನೆಲದಡಿಯ ಗೋಡೆಗೆ ಚಳಿ ತಡೆಯೇಕೆ ಎಂಬುದು ಮನೆ ಕಟ್ಟುವವರ ವಾದವಾಗಿತ್ತು. 1973ರ ತೈಲ ಬಿಕ್ಕಟ್ಟಿನ ನಂತರ ಆ ವಾದ ಸೋತಿತು. ಬರಿಯ ಕಾಂಕ್ರೀಟ್ ಗೋಡೆಗೆ ಒಳಗಿನಿಂದ ಗಾಜಿನ ಉಣ್ಣೆ ಹೊದಿಸಿದರು. ಮನೆಯ ಬೆಚ್ಚನೆ ಗಾಳಿ ಅದರ ಹಿಂದಿನ ತಣ್ಣನೆ ಕಾಂಕ್ರೀಟಿಗೆ ತಗುಲಿ ಬೆವರಿ ಎಷ್ಟೋ ಕಡೆ ಬೂಸಲು ಕಟ್ಟಿತು. ಮುಂದೆ ಲೋಹದ ಪಟ್ಟಿಗಳ ಜಾಗಕ್ಕೆ ಶಾಖವನ್ನು ಅಷ್ಟಾಗಿ ಸಾಗಿಸದ ಪ್ಲಾಸ್ಟಿಕ್ ಪಟ್ಟಿಗಳು ಬಂದವು, ನೊರೆಯಚ್ಚಿನ ಗೋಡೆಗೆ ಕಾಲ ಕೂಡಿಬಂತು.

ಈ ಗೋಡೆ ಸುಲಭವೆಂದು ಮಾರುವವರ ಮಾತನ್ನು ನಾನು ಒಪ್ಪುವುದಿಲ್ಲ. ಹಸಿ ಕಾಂಕ್ರೀಟಿನ ತೂಕ ಘನಮೀಟರಿಗೆ ಸುಮಾರು 2,400 ಕಿಲೋ. ಎಂಟಡಿ ಗೋಡೆಯನ್ನು ಒಂದೇ ಸಲಕ್ಕೆ ತುಂಬಿದರೆ ಬುಡದಲ್ಲಿ ಚದರ ಮೀಟರಿಗೆ ಆರು ಟನ್ನಿನಷ್ಟು ಒತ್ತಡ; ಎರಡೂವರೆ ಅಂಗುಲದ ನೊರೆ ಬಿರಿದು ಕಾಂಕ್ರೀಟ್ ಹೊರಗೆ ಸುರಿಯುತ್ತದೆ. ಅದಕ್ಕೇ ಮನೆಯ ಸುತ್ತ ಮೂರು ನಾಲ್ಕು ಅಡಿಯಂತೆ ವರಸೆ ತುಂಬಿಕೊಂಡು ಬರಬೇಕು. ಮರದ ಹಲಗೆ ಬಿಚ್ಚಿದರೆ ಜಲ್ಲಿಯ ನಡುವೆ ಉಳಿದ ಪೊಳ್ಳು ಕಣ್ಣಿಗೆ ಬೀಳುತ್ತಿತ್ತು. ಇಲ್ಲಿ ತಪ್ಪು ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಆ ಮೇಸ್ತ್ರಿ ವೈಬ್ರೇಟರ್ ಇಳಿಸಿದ ಕಡೆಯೆಲ್ಲ ನೊರೆಯ ಮೇಲೆ ಅಂಗೈ ಇಟ್ಟು ನಡುಕವನ್ನು ಹಿಂಬಾಲಿಸುತ್ತಿದ್ದ. ಮೂಲೆಗೆ, ಕಿಟಕಿಯ ಕೆಳಗೆ ಬಂದಾಗ ಪಂಪಿನವನಿಗೆ ಕೈಯೆತ್ತಿ ನಿಲ್ಲಿಸಿ, ಗೆಣ್ಣಿನಿಂದ ಬಡಿದು, ಸದ್ದು ಗಟ್ಟಿಯಾದ ಮೇಲಷ್ಟೇ ಮುಂದಿನ ಹೆಜ್ಜೆ. ಅವನ ಕೈಗೆ ತಿಳಿಯುತ್ತಿದ್ದದ್ದು ನನ್ನ ಡ್ರಾಯಿಂಗಿನಲ್ಲಿ ಇರುತ್ತಿರಲಿಲ್ಲ.

ಧಾರವಾಡದ ನಮ್ಮ ಕಾಕಾ ಫೋನಿನಲ್ಲಿ ಕೇಳುತ್ತಾರೆ, “ನಮ್ಮ ಕಡೆನೂ ಹಿಂಗ ಕಟ್ಟಬಹುದೇನೋ?” ನೆಲದಡಿಗೆ ಬೇಡ ಎಂದೇ ನನ್ನ ಉತ್ತರ. ಅಲ್ಲಿ ಮಣ್ಣು ಹೆಪ್ಪುಗಟ್ಟುವುದಿಲ್ಲ, ಗೆದ್ದಲು ಮಾತ್ರ ಧಾರಾಳವಾಗಿದೆ. ಗೆದ್ದಲು ನೊರೆಯನ್ನು ಕೊರೆದು ಯಾರಿಗೂ ಕಾಣದಂತೆ ಮೇಲಿನ ಮರದವರೆಗೆ ದಾರಿ ಮಾಡಿಕೊಳ್ಳುತ್ತದೆ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಇದೇ ಕಾರಣಕ್ಕೆ ನೆಲದಡಿಯ ನೊರೆಗೆ ಕಟ್ಟುನಿಟ್ಟಿನ ನಿರ್ಬಂಧ ಬಂತು. ಕಾಕಾನ ಮನೆಗೆ ಸೈಜುಗಲ್ಲಿನ ಪಾಯವೇ ಸರಿ, ಎರೆಮಣ್ಣು ದಾಟಿ ಗಟ್ಟಿ ನೆಲ ಸಿಗುವವರೆಗೆ ಅಗೆಸಿದರೆ.