ತೇಪೆ ಬಂತು, ತಲುಪಿತಾ?

ಬೆಳಗೋಡಿನಿಂದ ಮಾತಾಡ್ತಿದ್ದೀನಿ. ಇವತ್ತು 2013ರ ಜನವರಿಯ ಕಥೆ.

ಆಗ ಬ್ರೌಸರ್‌ಗಳಲ್ಲಿ ಜಾವಾ ಅನ್ನೋ ಪ್ಲಗ್‌ಇನ್ ಇರ್ತಿತ್ತು. ಜನವರಿ 10ರಂದು ಅದರಲ್ಲೊಂದು ದೊಡ್ಡ ಲೋಪ ಬಯಲಾಯ್ತು. ಕೆಟ್ಟ ಪುಟವೊಂದನ್ನ ತೆರೆದರೆ ಸಾಕು, ಕಂಪ್ಯೂಟರ್ ಕಳ್ಳರ ಕೈಗೆ! ಬ್ರೌಸರ್‌ನಲ್ಲಿ ಜಾವಾ ಆಫ್ ಮಾಡಿ ಅಂತ ಅಮೆರಿಕದ ಸರ್ಕಾರವೇ ಹೇಳಿತು. ಒರಾಕಲ್ ಕಂಪನಿ 13ರಂದು ‘ಜಾವಾ 7 ಅಪ್‌ಡೇಟ್ 11’ ಬಿಟ್ಟಿತು. ಮೂರೇ ದಿನ.

ಕಥೆ ಅಲ್ಲಿಗೆ ಮುಗೀಲಿಲ್ಲ. ನಮ್ಮ ದೇಶದಲ್ಲಿ ಆದಾಯ ತೆರಿಗೆ ರಿಟರ್ನ್‌ಗೆ ಡಿಜಿಟಲ್ ಸಹಿ ಹಾಕೋಕೂ ಅದೇ ಜಾವಾ ಬೇಕಿತ್ತು. ಆಫ್ ಮಾಡಿದ್ರೆ ಕೆಲಸ ನಿಲ್ಲುತ್ತೆ, ಇಟ್ಕೊಂಡ್ರೆ ಬಾಗಿಲು ತೆರೆದಿರುತ್ತೆ. ಅಪ್‌ಡೇಟ್ ಹಾಕಿದ್ರೆ ಇರೋ ಕೆಲಸವೂ ಕೆಡಬಹುದು ಅಂತ ಹಳೇ ಆವೃತ್ತಿಗೇ ಅಂಟಿಕೊಂಡ ಕಚೇರಿಗಳು ಜಗತ್ತಿನ ಎಲ್ಲ ಕಡೆ ಇದ್ದವು.

ನಮ್ಮ ಕಾಫಿ ಬೆಳೆಗಾರರಿಗೆ ಇದು ಅರ್ಥ ಆಗುತ್ತೆ. ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡಕ್ಕೆ ಔಷಧಿ ಸಾಲದು, ಕಿತ್ತು ಸುಡಬೇಕು. ಜಾವಾ ಪ್ಲಗ್‌ಇನ್‌ಗೂ ಕೊನೆಗೆ ಅದೇ ಆಯ್ತು: 2015ರಲ್ಲಿ ಕ್ರೋಮ್ ಅದನ್ನ ಹೊರಹಾಕಿತು, 2016ರ ಜನವರಿಯಲ್ಲಿ ಒರಾಕಲ್ ತಾನೇ ಕೈಬಿಡೋದಾಗಿ ಹೇಳಿತು.

ತೇಪೆ ಬರೆಯೋದಕ್ಕೆ ಮೂರು ದಿನ ಸಾಕಾಯ್ತು. ಅದರ ಮೇಲಿನ ಅವಲಂಬನೆ ಬಿಡಿಸೋದಕ್ಕೆ ವರ್ಷಗಳೇ ಬೇಕಾದವು.