ಮುನ್ನುಡಿ ಓದದ ತಪ್ಪಿಗೆ

ಹೋದ ಬೇಸಿಗೆಯಲ್ಲಿ ನಾದಿನಿಯ ಮಗಳು ನಮ್ಮ ಮನೆಗೆ ಬಂದಿದ್ದಳು. ಬಿ.ಎ. ಮುಗಿಸಿದ ಹುಡುಗಿ. ಒಂದು ಮಧ್ಯಾಹ್ನ ಊಟವಾದ ಮೇಲೆ, "ಅತ್ತೆ, ನೀವು ಹಿಂದೆ ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿತಿದ್ರಂತೆ, ಅಮ್ಮ ಹೇಳ್ತಿದ್ರು. ನನಗೂ ಕಲೀಬೇಕು ಅಂತಿದೆ. ಏನೂ ಗೊತ್ತಿಲ್ಲ. ಯಾವ ಪುಸ್ತಕದಿಂದ ಶುರು ಮಾಡ್ಲಿ?" ಎಂದು ಕೇಳಿದಳು.

"ಕಲಿತಿರಲಿಲ್ಲ ಕಣೇ, ಕಲಿಯೋಕೆ ಹೋಗಿದ್ದೆ" ಎಂದೆ. ಅವಳು ನಕ್ಕಳು. ನನಗೆ ನಗು ಬರಲಿಲ್ಲ.

1994ರ ಮಾತು. ಮಗ ಶಾಲೆಗೆ ಹೋಗತೊಡಗಿದ್ದ. ಹಗಲು ಎರಡು ಗಂಟೆ ಬಿಡುವು ಸಿಗುತ್ತಿತ್ತು. ನಮ್ಮೂರ ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿ ಕಂಪ್ಯೂಟರ್ ತರಗತಿ ಶುರುವಾಗಿತ್ತು. ಚಪ್ಪಲಿ ಹೊರಗೆ ಬಿಟ್ಟು, ದೇವರ ಮನೆಗೆ ಹೋಗುವ ಹಾಗೆ ಆ ತಣ್ಣನೆಯ ಕೋಣೆಯೊಳಗೆ ಹೋಗಬೇಕು. ಮನೆಖರ್ಚಿನಲ್ಲಿ ಉಳಿಸಿದ ದುಡ್ಡಿನಿಂದ ಶುಲ್ಕ ಕಟ್ಟಿದೆ. ಒಂದು ಯಂತ್ರಕ್ಕೆ ಇಬ್ಬರು. ನನ್ನ ಜೊತೆಯವನು ಎಂಜಿನಿಯರಿಂಗ್ ಓದುವ ಹುಡುಗ. ಕೀಲಿಮಣೆ ಸದಾ ಅವನ ಕೈಯಲ್ಲೇ. ಪಾಠ ಹೇಳುವವರು ಒಂದು ಪುಸ್ತಕ ತೋರಿಸಿ, "ಇದನ್ನು ಓದಿದರೆ ಸಾಕು, ಬೇರೇನೂ ಬೇಡ" ಎಂದರು. ಬ್ರಯನ್ ಕರ್ನಿಘನ್ ಮತ್ತು ಡೆನಿಸ್ ರಿಚಿ ಬರೆದ, ಸಿ ಭಾಷೆಯ ಹೆಸರಾಂತ ಪುಸ್ತಕ. 1978ರಲ್ಲಿ ಮೊದಲು ಬಂದದ್ದು, 1988ರಲ್ಲಿ ತಿದ್ದಿದ್ದು. ದಪ್ಪವೇನೂ ಅಲ್ಲ, 272 ಪುಟ.

ಮೊದಲ ಪಾಠ ಪರದೆಯ ಮೇಲೆ ಜಗತ್ತಿಗೊಂದು ನಮಸ್ಕಾರ ಬರೆಸುವುದು. ಅದು ಬಂದಾಗ ಆದ ಸಂತೋಷ ಇಂದಿಗೂ ನೆನಪಿದೆ. ಆಮೇಲೆ ಪುಸ್ತಕ ಓಡತೊಡಗಿತು, ನಾನು ಹಿಂದೆ ಉಳಿದೆ. ಐದನೆಯ ಅಧ್ಯಾಯದಲ್ಲಿ ಪಾಯಿಂಟರ್ ಎಂಬುದು ಬಂತು. ವಸ್ತುವನ್ನಲ್ಲ, ವಸ್ತು ಇರುವ ಜಾಗದ ವಿಳಾಸವನ್ನು ಇಟ್ಟುಕೊಳ್ಳುವ ವಿದ್ಯೆ ಅದು. ರಾತ್ರಿ ಪಾತ್ರೆ ತೊಳೆದಿಟ್ಟು ಅದೇ ಪುಟವನ್ನು ಹತ್ತು ಸಲ ಓದಿ, ಹನ್ನೊಂದನೆಯ ಸಲ ಪುಸ್ತಕ ಮುಚ್ಚಿದೆ. ಮರುದಿನದಿಂದ ಹೋಗಲಿಲ್ಲ. "ಆ ದುಡ್ಡಿಗೆ ಒಂದು ಬೆಳ್ಳಿ ಲೋಟ ಬರ್ತಿತ್ತು" ಎಂದರು ನಮ್ಮತ್ತೆ. ಅದು ಅಷ್ಟು ನೋಯಲಿಲ್ಲ. ನನಗೆ ನಾನೇ ಹೇಳಿಕೊಂಡ ಮಾತು ನೋಯಿಸಿತು: ಇದು ನನ್ನ ತಲೆಗೆ ಹತ್ತುವಂಥದ್ದಲ್ಲ. ಹಾಗೆ ಒಮ್ಮೆ ಒಪ್ಪಿಕೊಂಡರೆ ಅದು ಒಂದೇ ಕಡೆ ನಿಲ್ಲುವುದಿಲ್ಲ. ಬ್ಯಾಂಕಿನ ಯಂತ್ರ ಬಂದಾಗಲೂ, ಮಗ ಮೊಬೈಲ್ ತಂದುಕೊಟ್ಟಾಗಲೂ, "ನಂಗೆ ಇವೆಲ್ಲ ಆಗಲ್ಲಪ್ಪ" ಎಂದು ಮೂವತ್ತು ವರ್ಷ ಅಂದುಕೊಂಡೇ ಬಂದೆ.

ನಾದಿನಿಯ ಮಗಳಿಗೆ ತೋರಿಸಲೆಂದು ಅಟ್ಟದಿಂದ ಆ ಪುಸ್ತಕ ತೆಗೆಸಿದೆ. ಧೂಳು ಒರೆಸಿ, ಮೊದಲ ಬಾರಿಗೆ ಮುನ್ನುಡಿ ಓದಿದೆ. ನೀವು ನಂಬುತ್ತೀರೋ ಇಲ್ಲವೋ, ಅಲ್ಲಿ ಆ ಇಬ್ಬರು ದೊಡ್ಡವರು ಸ್ಪಷ್ಟವಾಗಿ ಬರೆದಿದ್ದಾರೆ: ಇದು ಪ್ರೋಗ್ರಾಮಿಂಗ್‌ನ ಮೊದಲ ಪಾಠದ ಪುಸ್ತಕವಲ್ಲ, ಓದುವವರಿಗೆ ಮೂಲ ಕಲ್ಪನೆಗಳ ಪರಿಚಯ ಸ್ವಲ್ಪವಾದರೂ ಇದೆ ಎಂದು ಭಾವಿಸಿ ಬರೆದದ್ದು ಎಂದು. ಹೊಸಬರೂ ಓದಿಕೊಂಡು ಹೋಗಬಹುದು, ಆದರೆ ಹೆಚ್ಚು ತಿಳಿದವರೊಬ್ಬರು ಜೊತೆಗಿದ್ದರೆ ಒಳ್ಳೆಯದು ಎಂದೂ ಸೇರಿಸಿದ್ದಾರೆ. ಅಂದರೆ ತಪ್ಪು ಪುಸ್ತಕದ್ದಲ್ಲ, ನನ್ನ ತಲೆಯದ್ದೂ ಅಲ್ಲ. ಅದನ್ನು ಮೊದಲ ಪುಸ್ತಕವೆಂದು ನನ್ನ ಕೈಗಿತ್ತದ್ದು ತಪ್ಪು. ಅಟ್ಟದ ಏಣಿಯ ಬುಡದಲ್ಲೇ ಸ್ವಲ್ಪ ಹೊತ್ತು ಕೂತುಬಿಟ್ಟೆ.

ಆಮೇಲೆ ಒಂದು ಕುತೂಹಲ ಹತ್ತಿತು. ಹಾಗಾದರೆ ಮೊದಮೊದಲು ಕಲಿತವರೆಲ್ಲ ಏನನ್ನು ಓದಿ ಕಲಿತರು? ಹುಡುಕುತ್ತ ಹೋದ ಹಾಗೆ ಸಿಕ್ಕ ಕಥೆಗಳು ಅವಳ ಪ್ರಶ್ನೆಗೆ ಉತ್ತರವನ್ನೂ ಕೊಟ್ಟವು.

1945ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎನಿಯಾಕ್ ಎಂಬ ಯಂತ್ರ ಸಿದ್ಧವಾಗುತ್ತಿತ್ತು. ಸುಮಾರು 18,000 ವ್ಯಾಕ್ಯೂಮ್ ಟ್ಯೂಬುಗಳ, ಒಂದು ದೊಡ್ಡ ಕೋಣೆ ತುಂಬುವ ಗಣಕ. ಅದಕ್ಕೆ ಲೆಕ್ಕ ಒಪ್ಪಿಸುವ ಕೆಲಸಕ್ಕೆ ಆರಿಸಿದ್ದು ಆರು ಜನ ಹೆಂಗಸರನ್ನು: ಕೇ ಮೆಕ್‌ನಲ್ಟಿ, ಬೆಟಿ ಜೀನ್ ಜೆನ್ನಿಂಗ್ಸ್, ಬೆಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬೈಲಾಸ್, ರೂತ್ ಲಿಕ್ಟರ್ಮನ್. ಪುಸ್ತಕ ಎಂಬುದೇ ಇರಲಿಲ್ಲ. ಗುಟ್ಟಿನ ಕೆಲಸವಾದ್ದರಿಂದ ಮೊದಮೊದಲು ಯಂತ್ರದ ಹತ್ತಿರವೂ ಬಿಡಲಿಲ್ಲ. ಕೈಗೆ ಕೊಟ್ಟದ್ದು ಯಂತ್ರದ ನಕ್ಷೆಗಳ ಹಾಳೆಗಳನ್ನು. ಅವುಗಳನ್ನು ಹರಡಿಕೊಂಡು, ತಾವು ತಾವೇ ಚರ್ಚಿಸಿ, ಒಬ್ಬರಿಗೊಬ್ಬರು ಪಾಠ ಹೇಳಿ, ತಿಳಿಯದ್ದನ್ನು ಎಂಜಿನಿಯರುಗಳನ್ನು ಕೇಳಿ ಕಲಿತರು. 1946ರ ಫೆಬ್ರುವರಿಯಲ್ಲಿ ಯಂತ್ರವನ್ನು ಲೋಕಕ್ಕೆ ತೋರಿಸಿದಾಗ ಅದು ಮಾಡಿದ ಲೆಕ್ಕದ ಹಿಂದೆ ಇವರ ಕೆಲಸವಿತ್ತು. ಪುಸ್ತಕವಿಲ್ಲದೆಯೂ ಕಲಿಯಬಹುದು, ಆದರೆ ಜೊತೆಯಿಲ್ಲದೆ ಕಷ್ಟ ಎಂಬುದು ಇಲ್ಲಿಂದ ನಾನು ಕಲಿತದ್ದು. ನನಗೆ ಪುಸ್ತಕವಿತ್ತು, ಜೊತೆಯಿರಲಿಲ್ಲ.

ಎರಡನೆಯ ಕಥೆ 1964ರದ್ದು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ, ಥಾಮಸ್ ಕರ್ಟ್ಸ್ ಎಂಬ ಇಬ್ಬರು ಗಣಿತದ ಮೇಷ್ಟ್ರುಗಳಿದ್ದರು. ಅಲ್ಲಿನ ಬಹುಪಾಲು ವಿದ್ಯಾರ್ಥಿಗಳು ಓದುತ್ತಿದ್ದದ್ದು ವಿಜ್ಞಾನವಲ್ಲ. ಸಾಹಿತ್ಯ, ಇತಿಹಾಸ, ಸಮಾಜಶಾಸ್ತ್ರದಂಥ ವಿಷಯಗಳು. ಅವರಿಗೂ ಗಣಕ ತಿಳಿದಿರಬೇಕು, ಗ್ರಂಥಾಲಯದ ಕಪಾಟಿನ ಹಾಗೆ ಅದು ಎಲ್ಲರಿಗೂ ತೆರೆದಿರಬೇಕು ಎಂಬುದು ಇವರ ಹಟ. ಆಗಿನ ಭಾಷೆಗಳು ಕಷ್ಟವೆಂದು ಹುಡುಗರನ್ನು ಬೈಯದೆ, ಹೊಸಬರಿಗೆಂದೇ ಬೇಸಿಕ್ ಎಂಬ ಭಾಷೆ ಕಟ್ಟಿದರು. ಮೇ 1ರ ಬೆಳಗಿನ ಜಾವ ನಾಲ್ಕು ಗಂಟೆಗೆ ಅದರ ಮೊದಲ ಪ್ರೋಗ್ರಾಮುಗಳು ಓಡಿದವು. ಮುಂದೆ ಲಕ್ಷಾಂತರ ಮಕ್ಕಳು ಮೊದಲು ಬರೆದದ್ದು ಬೇಸಿಕ್‌ನಲ್ಲೇ. ಕಲಿಯುವವರು ಯಾರು ಎಂದು ಮೊದಲು ಕೇಳಿಕೊಂಡವರ ಕೆಲಸ ಹೀಗಿರುತ್ತದೆ.

ನಮ್ಮ ದೇಶದಲ್ಲೂ ಇಂಥ ಮೇಷ್ಟ್ರೊಬ್ಬರಿದ್ದರು. ಕಾನ್ಪುರದ ಐಐಟಿಯಲ್ಲಿ 1960ರ ದಶಕದಲ್ಲಿ ಪಾಠ ಹೇಳುತ್ತಿದ್ದ ವಿ. ರಾಜಾರಾಮನ್. ನಮ್ಮ ವಿದ್ಯಾರ್ಥಿಗಳ ಕೈಗೆಟುಕುವ ಪುಸ್ತಕ ಬೇಕೆಂದು 1969ರಲ್ಲಿ ಪ್ರೋಗ್ರಾಮಿಂಗ್ ಕುರಿತು ಇಂಗ್ಲಿಷಿನಲ್ಲಿ ತಾವೇ ಒಂದನ್ನು ಪ್ರಕಟಿಸಿದರು. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಕಡಿಮೆ ಬೆಲೆಯ ಅವರ ಪಠ್ಯಗಳನ್ನು ಓದಿಕೊಂಡೇ ಒಂದೆರಡು ತಲೆಮಾರು ಕಲಿಯಿತು.

ಮೂರನೆಯದು ನನಗೆ ಬಹಳ ಹಿಡಿಸಿದ ಕಥೆ. 1967ರಲ್ಲಿ ಸೀಮೋರ್ ಪೇಪರ್ಟ್, ವಾಲಿ ಫ್ಯೂರ್ಜೈಗ್, ಸಿಂತಿಯಾ ಸಾಲಮನ್ ಎಂಬವರು ಮಕ್ಕಳಿಗಾಗಿ ಲೋಗೋ ಭಾಷೆ ಮಾಡಿದರು. ಅದರಲ್ಲಿ ಒಂದು ಆಮೆಗೆ ನೂರು ಹೆಜ್ಜೆ ಮುಂದೆ ಹೋಗು, ಬಲಕ್ಕೆ ತಿರುಗು ಎಂದು ಹೇಳಿದರೆ ಅದು ಗೆರೆ ಎಳೆಯುತ್ತದೆ. ನಾಲ್ಕು ಸಲ ಹೇಳಿದರೆ ಚೌಕ. ಚಿತ್ರ ವಕ್ರವಾದರೆ ಮಗು ಫೇಲಾದ ಹಾಗಲ್ಲ; ಎಲ್ಲಿ ಎಡವಿತು ಎಂದು ಹುಡುಕಿ ಸರಿಮಾಡಿಕೊಳ್ಳಬೇಕು, ಕಲಿಕೆ ಇರುವುದೇ ಅಲ್ಲಿ ಎಂದು ಪೇಪರ್ಟ್ ವಾದಿಸಿದರು. ಹೊಸ ಶತಮಾನದ ಮೊದಲ ದಶಕದಲ್ಲಿ ಡಾ. ಯು.ಬಿ. ಪವನಜ ಅವರು ಇದನ್ನು ಕನ್ನಡಕ್ಕೂ ತಂದರು.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ರಂಗೋಲಿ ಪುಸ್ತಕ. "13 ಚುಕ್ಕಿ, 7ರವರೆಗೆ, ಮಧ್ಯ ಚುಕ್ಕಿ" ಎಂದು ಒಂದೇ ಸಾಲು ಬರೆದಿರುತ್ತದೆ. ನಾವು ಅಂಗಳದ ತುಂಬ ಬಿಡಿಸುತ್ತೇವೆ. ಎಳೆ ತಪ್ಪಿದರೆ ಅಷ್ಟನ್ನೇ ಒರೆಸಿ ಮತ್ತೆ ಎಳೆಯುತ್ತೇವೆಯೇ ಹೊರತು ಇದು ನನ್ನ ತಲೆಗೆ ಹತ್ತುವುದಿಲ್ಲ ಎಂದು ಎದ್ದು ಹೋಗುವುದಿಲ್ಲ. ಇದು ಬರೀ ಹೋಲಿಕೆಯೂ ಅಲ್ಲ. ಮದ್ರಾಸಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ, ಕಮಲಾ ಕೃತಿವಾಸನ್ ಅವರು 1974ರಲ್ಲಿ ತಮಿಳುನಾಡಿನ ಕೋಲಗಳ ಹಿಂದಿರುವ ನಿಯಮಗಳನ್ನು ಗಣಕ ವಿಜ್ಞಾನದ ವ್ಯಾಕರಣವಾಗಿ ಬರೆದು ತೋರಿಸಿದರು. ಬೆಳಗಾಗೆದ್ದು ಅಂಗಳದಲ್ಲಿ ಮಾಡುತ್ತಿದ್ದ ಕೆಲಸಕ್ಕೆ ಇಷ್ಟು ಹತ್ತಿರದ್ದನ್ನು ನಾನು ಮೂವತ್ತು ವರ್ಷ ಪರದೇಶದ ವಿದ್ಯೆಯೆಂದು ದೂರವಿಟ್ಟಿದ್ದೆ!

ಈಗ ಅವಳ ಪ್ರಶ್ನೆಗೆ ಬರುತ್ತೇನೆ. ನಮ್ಮ ಕಾಲಕ್ಕೆ ಪುಸ್ತಕ ಸಿಗುವುದೇ ಕಷ್ಟ. ಇವಳಿಗೆ ಸಿಕ್ಕಿದ್ದೇ ಅತಿಯಾಗಿ ಕಷ್ಟ. ಫೋನು ತೆರೆದರೆ ಸಾವಿರ ಪಾಠ. ಅವಳ ಗೆಳತಿಯರು ಪೈಥಾನ್ ಕಲಿ ಎಂದಿದ್ದರು. 1991ರಲ್ಲಿ ಹಾಲೆಂಡಿನ ಗೀಡೋ ಫಾನ್ ರಾಸಮ್ ಹೊರತಂದ ಭಾಷೆ ಅದು. ಹೊಸಬರಿಗೆಂದು ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾಡಿದ್ದ ಎಬಿಸಿ ಎಂಬ ಭಾಷೆಯಿಂದ ಬಹಳಷ್ಟನ್ನು ಪಡೆದದ್ದು. ಅದರ ಜೊತೆಗೇ ಒಂದು ಅಧಿಕೃತ ಪಾಠವೂ ಬರುತ್ತದೆ. ಅವಳು ಅದನ್ನೇ ಶುರು ಮಾಡಿ ಎರಡು ದಿನಕ್ಕೆ ಮುಖ ಬಾಡಿಸಿಕೊಂಡಿದ್ದಳು. "ಮೊದಲ ಪುಟದಲ್ಲಿ ಯಾರಿಗೆ ಅಂತ ಬರೆದಿದೆ, ಓದು" ಎಂದೆ. ಇದು ಪೈಥಾನಿಗೆ ಹೊಸಬರಾದ ಪ್ರೋಗ್ರಾಮರುಗಳಿಗೆ, ಪ್ರೋಗ್ರಾಮಿಂಗಿಗೇ ಹೊಸಬರಿಗಲ್ಲ ಎಂದು ಅಲ್ಲಿದೆ. ಅವಳು ನನ್ನ ಮುಖ ನೋಡಿದಳು. ಮೂವತ್ತು ವರ್ಷದ ನನ್ನ ಪಾಠ ಅವಳಿಗೆ ಎರಡೇ ದಿನದಲ್ಲಿ ದಕ್ಕಿತು.

ಕೊನೆಗೆ ನಾವು ಆರಿಸಿಕೊಂಡದ್ದು ಅಲೆನ್ ಡೌನಿ ಎಂಬ ಅಧ್ಯಾಪಕರ 'ಥಿಂಕ್ ಪೈಥಾನ್'. ದುಡ್ಡು ಕೊಡದೆ ಓದಬಹುದು ಎಂಬುದು ಒಂದು ಕಾರಣ. ನಿಜವಾದ ಕಾರಣ ಅದರ ಮುನ್ನುಡಿ. 1999ರಲ್ಲಿ ಅವರ ತರಗತಿಯಲ್ಲಿ ಬಹಳ ಮಂದಿ ಫೇಲಾಗುತ್ತಿದ್ದರಂತೆ. ಪುಸ್ತಕಗಳು ವಿಪರೀತ ದೊಡ್ಡವು ಎಂದು ಅವರಿಗೆ ಅನ್ನಿಸಿತು. ಐವತ್ತು ಪುಟ ಓದದೇ ಬಿಡುವುದಕ್ಕಿಂತ ಹತ್ತು ಪುಟ ಓದುವುದು ಮೇಲೆಂದು ದಿನಕ್ಕೊಂದು ಅಧ್ಯಾಯದಂತೆ ಹದಿಮೂರು ದಿನ ಕೂತು ತಾವೇ ಬರೆದರು. ಜಾವಾ ಭಾಷೆಗೆಂದು ಬರೆದ ಆ ಪುಸ್ತಕವೇ ಮುಂದೆ ಪೈಥಾನಿಗೆ ಬಂತು.

ಜೊತೆಗೆ ನಾವೇ ಮೂರು ನಿಯಮ ಮಾಡಿಕೊಂಡೆವು. ಒಂದು ಪುಸ್ತಕ ಹಿಡಿದ ಮೇಲೆ ಅದು ಮುಗಿಯುವವರೆಗೆ ಇನ್ನೊಂದಿಲ್ಲ. ಓದಿದ್ದನ್ನು ಅಂದೇ ಕೈಯಾರೆ ಬರೆದು ಓಡಿಸಬೇಕು. ಅಡುಗೆ ನೋಡಿ ಹೊಟ್ಟೆ ತುಂಬುವುದಿಲ್ಲ. ಮೂರನೆಯದು, ಒಬ್ಬರೇ ಕೂರುವಂತಿಲ್ಲ. ಜೊತೆಗೆ ಯಾರು ಎಂದದ್ದಕ್ಕೆ, "ನೀವೇ ಅತ್ತೆ" ಎಂದುಬಿಟ್ಟಳು.

ಈಗ ಪ್ರತಿ ಭಾನುವಾರ ಸಂಜೆ ಅವಳು ಅವಳೂರಲ್ಲಿ, ನಾನು ನನ್ನೂರಲ್ಲಿ ಫೋನಿನಲ್ಲಿ ಮಾತಾಡುತ್ತ ಕಲಿಯುತ್ತಿದ್ದೇವೆ. ಇಬ್ಬರೂ ಮೂರನೆಯ ಅಧ್ಯಾಯ ದಾಟಿದ್ದೇವೆ. ಹೋದ ವಾರ ನನ್ನ ಪ್ರೋಗ್ರಾಮಿನಲ್ಲಿ ಒಂದು ಆವರಣ ಚಿಹ್ನೆ ಬಿಟ್ಟುಹೋಗಿ ಅರ್ಧ ಗಂಟೆ ಹುಡುಕಿದೆ, ಸಿಕ್ಕಿತು. ಕರ್ನಿಘನ್ ಮತ್ತು ರಿಚಿಯವರ ಪುಸ್ತಕವನ್ನು ಮತ್ತೆ ಅಟ್ಟಕ್ಕೆ ಹಾಕಿಲ್ಲ. ಕಪಾಟಿನಲ್ಲಿ ಕಣ್ಣಿಗೆ ಬೀಳುವ ಹಾಗೆ ಇಟ್ಟಿದ್ದೇನೆ. ಐದನೆಯ ಅಧ್ಯಾಯದಲ್ಲಿ ನಾನು ಇಟ್ಟಿದ್ದ ಬಸ್ ಟಿಕೆಟ್ಟು ಇನ್ನೂ ಅಲ್ಲೇ ಇದೆ.